ದೊಡ್ಡ ಬಟನ್, ತೆಂಗಿನ ಕರಟ, ಡ್ರಮ್ ಬಡಿಯುವ ಕರಡಿ: ಸ್ವಿಚ್ ಆಟಿಕೆಗೆ ಯಾವ ಸಾಮಾನು ಕೊಳ್ಳಬೇಕು, ಯಾವುದು ಬೇಡ

ಮುಷ್ಟಿ ಬಿಡಿಸಲು ಹೆಣಗುವ ಮಗುವಿಗೆ ಅಂಗಡಿಯ ಸೆಲ್ ಆಟಿಕೆ ತಂದುಕೊಟ್ಟರೆ ಆಡುವವರು ದೊಡ್ಡವರೇ. ಆಟಿಕೆಯ ಸ್ವಿಚ್ಚು ಹೊಟ್ಟೆಯ ಅಡಿಯಲ್ಲಿರುತ್ತದೆ, ಅಕ್ಕಿಕಾಳಿನಷ್ಟು. ಅಪ್ಪ ಆನ್ ಮಾಡಬೇಕು, ಅಮ್ಮ ಆಫ್ ಮಾಡಬೇಕು, ಮಗು ಸುಮ್ಮನೆ ನೋಡಬೇಕು. ಆ ಸ್ವಿಚ್ಚನ್ನು ಆಟಿಕೆಯಿಂದ ಹೊರಗೆ ಎಳೆದು, ಮಗುವಿನ ಮುಷ್ಟಿಗೋ ಮೊಣಕೈಗೋ ಕಾಲಿಗೋ ಸಿಗುವ ಹಾಗೆ ದೊಡ್ಡದು ಮಾಡಿದರೆ ಅದೇ ಸ್ವಿಚ್ ಆಟಿಕೆ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ) ಇರುವ ಮಕ್ಕಳ ಥೆರಪಿಯಲ್ಲಿ ಇದು ಹಳೆಯ ಉಪಾಯ. ಹೊರದೇಶದ ತಯಾರಿ ಸ್ವಿಚ್‌ಗಳಿವೆ: ಏಬಲ್‌ನೆಟ್ ಕಂಪನಿಯ ಎರಡೂವರೆ ಇಂಚಿನ ಜೆಲ್ಲಿ ಬೀನ್, ಐದು ಇಂಚಿನ ಬಿಗ್ ರೆಡ್. ಚೆನ್ನಾಗಿಯೇ ಇವೆ, ಆದರೆ ತರಿಸಿಕೊಳ್ಳಲು ಸಾವಿರಗಳಲ್ಲಿ ಎಣಿಸಬೇಕು. ಅದೇ ಕೆಲಸವನ್ನು ತುಮಕೂರಿನಲ್ಲಿ ಸಿಗುವ ಸಾಮಾನಿನಲ್ಲಿ ಎರಡು ಮೂರು ಸಂಜೆ ಕೂತು ಮಗುವಿನ ಜೊತೆ ಸೇರಿ ಮಾಡಬಹುದು. ಯಾವ ಸಾಮಾನು ದುಡ್ಡಿಗೆ ತಕ್ಕದ್ದು, ಯಾವುದು ಕೈಕೊಡುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಕೆಲಸಕ್ಕೆ ಎಲ್ಲರೂ ಶಿಫಾರಸು ಮಾಡುವ 100 ಮಿ.ಮೀ. ಗುಮ್ಮಟದ ಬಟನ್ ನಮ್ಮ ಲೆಕ್ಕದಲ್ಲಿ ಎರಡನೆಯ ಸ್ಥಾನಕ್ಕೇ ಲಾಯಕ್ಕು.

ಬಟನ್: ಕಣ್ಣಿಗೆ ಹಬ್ಬ, ಅಂಚಿಗೆ ಮುಷ್ಕರ

ವಿಡಿಯೊ ಗೇಮ್ ಯಂತ್ರಗಳಿಗೆಂದು ಮಾಡಿದ ಈ ಆರ್ಕೇಡ್ ಬಟನ್ ಕ್ಯಾತ್ಸಂದ್ರದ ತಟ್ಟೆ ಇಡ್ಲಿಗಿಂತ ಸಣ್ಣದು, ಮನೆಯ ಇಡ್ಲಿಗಿಂತ ದೊಡ್ಡದು. ಕೆಂಪು, ಹಳದಿ, ಹಸಿರು, ನೀಲಿಯಲ್ಲಿ ಬರುತ್ತದೆ. ಬೆಲೆ ಸುಮಾರು 300 ರೂಪಾಯಿಯ ಆಸುಪಾಸು. ಆನ್‌ಲೈನ್‌ನಲ್ಲಿ ಬಿಡಿಭಾಗ ಮಾರುವವರಲ್ಲಿ ಸಿಗುತ್ತದೆ, ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಕೈಯಲ್ಲಿ ಒತ್ತಿ ನೋಡಿಯೇ ತರಬಹುದು. ತುಮಕೂರಿನ ಅಂಗಡಿಗಳಲ್ಲಿ 60 ಮಿ.ಮೀ.ಯದ್ದು ಸಿಕ್ಕರೂ 100ರದ್ದು ಇರುತ್ತದೆಂಬ ಭರವಸೆ ಇಟ್ಟುಕೊಳ್ಳಬೇಡಿ.

ಒಳ್ಳೆಯ ಗುಣ: ಹೊಡೆತ ತಾಳುತ್ತದೆ. ಒಳಗಿರುವುದು ಸಾಮಾನ್ಯ ಮೈಕ್ರೊಸ್ವಿಚ್, ಸ್ವಲ್ಪ ಒತ್ತಿದರೆ ಕ್ಲಿಕ್ ಎನ್ನುವ ಪುಟ್ಟ ಸ್ವಿಚ್. ಅದು ಹೋದರೆ ತಿರುಗಿಸಿ ತೆಗೆದು ಬೇರೆ ಹಾಕಬಹುದು. ತಪ್ಪು ಎಲ್ಲಿದೆ ಎಂದರೆ, ಇಷ್ಟಗಲದ ಗುಮ್ಮಟ ನಿಂತಿರುವುದು ನಡುವಿನ ಒಂದೇ ಒಂದು ದಂಡಿನ ಮೇಲೆ. ನಡುವೆ ಒತ್ತಿದರೆ ಸಲೀಸಾಗಿ ಇಳಿಯುತ್ತದೆ. ಅಂಚಿನಲ್ಲಿ ಒತ್ತಿದರೆ ದಂಡು ವಾಲಿ ಕೊಳವೆಯೊಳಗೆ ಸಿಕ್ಕಿಕೊಳ್ಳುತ್ತದೆ, ಕ್ಲಿಕ್ ಆಗುವುದೇ ಇಲ್ಲ. ಗುರಿಯಿಟ್ಟು ನಡುವಿಗೇ ಕೈ ತರಬಲ್ಲ ಮಗುವಿಗೆ ಇಷ್ಟು ದೊಡ್ಡ ಬಟನ್ ಬೇಕಾಗಿಯೇ ಇರಲಿಲ್ಲ. ಯಾರಿಗೆ ಬೇಕೋ ಅವರ ಕೈ ಅಂಚಿಗೇ ಬೀಳುತ್ತದೆ! ಪೆಟ್ರೋಲಿಯಂ ಗ್ರೀಸ್ ಬೇಡ, ಕೆಲವು ಪ್ಲಾಸ್ಟಿಕ್‌ಗೆ ಅದು ಆಗಿಬರುವುದಿಲ್ಲ. ದಂಡಿಗೆ ಒಂದು ತೊಟ್ಟು ಸಿಲಿಕೋನ್ ಎಣ್ಣೆ ಸವರಿದರೆ ಸ್ವಲ್ಪ ವಾಸಿ. ಪೂರ್ತಿ ಗುಣವಾಗುವುದಿಲ್ಲ.

ಇನ್ನೊಂದು, ಸ್ಪ್ರಿಂಗ್‌ನ ಬಿಗಿ. ದಂಡಿನ ಸುತ್ತ ಒಂದು ಸ್ಪ್ರಿಂಗ್, ಮೈಕ್ರೊಸ್ವಿಚ್‌ನೊಳಗೆ ಇನ್ನೊಂದು; ಮಗು ಎರಡನ್ನೂ ಗೆಲ್ಲಬೇಕು. ಎಷ್ಟು ಬಲ ಬೇಕೆಂದು ಅಳೆಯಲು ತಕ್ಕಡಿ ಬೇಕಿಲ್ಲ. ಅಂಗಡಿಯವರು ಮೂಗು ಮುರಿಯುವ 10 ರೂಪಾಯಿ ನಾಣ್ಯ ಇಲ್ಲಿ ಕೆಲಸಕ್ಕೆ ಬರುತ್ತದೆ: ಒಂದರ ತೂಕ 7.7 ಗ್ರಾಂ. ಬಟನ್ ತಲೆಯ ಮೇಲೆ ಹಗುರ ಡಬ್ಬಿಯೊಂದನ್ನು ಇಟ್ಟು, ಕ್ಲಿಕ್ ಕೇಳುವವರೆಗೆ ನಾಣ್ಯ ಹಾಕುತ್ತ ಎಣಿಸಿ, 7.7ರಿಂದ ಗುಣಿಸಿ. ಎಣಿಸುವುದು ಮಗುವಿನ ಪಾಲು. ಬಟನ್‌ನಿಂದ ಬಟನ್‌ಗೆ ಲೆಕ್ಕ ಬೇರೆ ಬರುತ್ತದೆ, ಆದ್ದರಿಂದ ಪಕ್ಕದ ಮನೆಯವರ ಅಂಕಿ ನಂಬಿ ಕೊಳ್ಳಬೇಡಿ. ದಂಡಿನ ಸ್ಪ್ರಿಂಗ್ ತೆಗೆದುಹಾಕಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ತೆಗೆದರೆ ಗುಮ್ಮಟದ ತೂಕವೆಲ್ಲ ಮೈಕ್ರೊಸ್ವಿಚ್ ಮೇಲೆ ಕೂತು, ಕೆಲವು ಬಟನ್‌ಗಳಲ್ಲಿ ಅದು ಒತ್ತಿಕೊಂಡೇ ಉಳಿಯುತ್ತದೆ. ತೆಗೆದು ನೋಡಿ, ಉಳಿದರೆ ವಾಪಸ್ ಹಾಕಿ.

ಬಟನ್ ಒಳಗಿನ ದೀಪ ನೋಡಿ ಮರುಳಾಗಿ ಕೊಳ್ಳುವವರಿಗೆ: ಅದು ಸಾಮಾನ್ಯವಾಗಿ 12 ವೋಲ್ಟಿನದು. ಎರಡು ಸೆಲ್‌ನ 3 ವೋಲ್ಟಿಗೆ ಹೊತ್ತುವುದಿಲ್ಲ. ಬಟನ್ ಕೂರಿಸುವ ಡಬ್ಬಿಯೂ ಆಳವಿರಬೇಕು, ಬಟನ್ ಅಂಚಿನ ಪಟ್ಟಿಯಿಂದ ಕೆಳಗೆ ಸ್ವಿಚ್ ಸಮೇತ ಎರಡು ಇಂಚಿಗಿಂತ ಹೆಚ್ಚು ಇಳಿಯುತ್ತದೆ. ಚಪ್ಪಟೆ ಸ್ವೀಟ್ ಬಾಕ್ಸಿನಲ್ಲಿ ಕೂರಿಸಲು ಹೋದವರೆಲ್ಲ ಕೊನೆಗೆ ತಳಕ್ಕೂ ತೂತು ಕೊರೆದಿದ್ದಾರೆ.

ಕರಟದ ಹಲಗೆ: ಕೊಳ್ಳುವುದಲ್ಲ, ಮಾಡುವುದು

ನಮ್ಮ ಮೊದಲ ಸ್ಥಾನ ಇದಕ್ಕೆ. ಎರಡು ಪ್ಲೈವುಡ್ ತುಂಡು, ಒಂದು ಹಿಂಜಸ್, ಒಂದು ಉದ್ದ ನಾಲಿಗೆಯ (ಸ್ವಿಚ್ ಮೇಲಿನ ತೆಳು ತಗಡಿನ ಪಟ್ಟಿ) ಮೈಕ್ರೊಸ್ವಿಚ್, ಮೇಲೆ ಅರ್ಧ ತೆಂಗಿನ ಕರಟ. ಎಲ್ಲಿ ಒತ್ತಿದರೂ ಹಲಗೆ ಕೆಳಗಿಳಿಯುತ್ತದೆ. ಅಂಚಿನ ತಕರಾರು ಬಹುಮಟ್ಟಿಗೆ ಇಲ್ಲ.

ಅಳತೆ ಹೀಗೆ. ತಳದ ಹಲಗೆ 20 × 15 ಸೆಂ.ಮೀ., ಮೇಲಿನದು 18 × 12 ಸೆಂ.ಮೀ., ಎರಡೂ 9 ಮಿ.ಮೀ. ದಪ್ಪ. ಟಿಂಬರ್ ಅಂಗಡಿಯಲ್ಲಿ ಕತ್ತರಿಸಿ ಉಳಿದ ತುಂಡು ಕೇಳಿದರೆ ಸಾಕು, ಹೊಸ ಶೀಟು ಬೇಡ. ಹಿಂದಿನ ಅಂಚಿನಲ್ಲಿ 20 ಮಿ.ಮೀ. ಎತ್ತರದ ರೀಪು ಕೂರಿಸಿ, ಅದರ ಮೇಲೆ ಹಿಂಜಸ್. ಈ ಎತ್ತರ ಏಕೆಂದರೆ ಮೈಕ್ರೊಸ್ವಿಚ್ ನಿಲ್ಲಬೇಕು. ಅದರ ಮೈ ಸುಮಾರು 28 ಮಿ.ಮೀ. ಉದ್ದ, 16 ಮಿ.ಮೀ. ಎತ್ತರ, 10 ಮಿ.ಮೀ. ದಪ್ಪ, ಸ್ಕ್ರೂ ತೂತುಗಳು ಪಕ್ಕದಲ್ಲಿ ಅಡ್ಡಕ್ಕಿರುವುದರಿಂದ ತಳಕ್ಕೆ ನೇರ ಬಿಗಿಯಲು ಬರುವುದಿಲ್ಲ. ಬೆಂಕಿಪೊಟ್ಟಣದ ಗಾತ್ರದ ಮರದ ತುಂಡನ್ನು ತಳಕ್ಕೆ ಅಂಟಿಸಿ, ಅದರ ಪಕ್ಕಕ್ಕೆ 3 ಮಿ.ಮೀ. ಸ್ಕ್ರೂನಿಂದ ಬಿಗಿಯಿರಿ, ನಾಲಿಗೆ ಮೇಲ್ಮುಖವಾಗಿರಲಿ. ಸ್ಕ್ರೂ ಅತಿಯಾಗಿ ಬಿಗಿದರೆ ಸ್ವಿಚ್ ಮೈ ಅಮುಕಿ ಒಳಗಿನ ಕ್ಲಿಕ್ ಸತ್ತುಹೋಗುತ್ತದೆ. ಬಿಗಿದ ಮೇಲೆ ಒಮ್ಮೆ ಒತ್ತಿ ಕೇಳಿ.

ಸ್ವಿಚ್ ಹಿಂಜಸ್‌ಗೆ ಎಷ್ಟು ಹತ್ತಿರ ಎಂಬುದರಲ್ಲೇ ಎಲ್ಲ ಇರುವುದು. ಮಗುವಿನ ಕೈ ಹಿಂಜಸ್‌ನಿಂದ 12 ಸೆಂ.ಮೀ. ದೂರದಲ್ಲಿ ಬೀಳುತ್ತದೆ ಎಂದುಕೊಳ್ಳಿ. ಸ್ವಿಚ್ಚನ್ನು 4 ಸೆಂ.ಮೀ.ನಲ್ಲಿ ಇಟ್ಟರೆ ಬೇಕಾದ ಬಲ ಮೂರನೇ ಒಂದು ಪಾಲು, ಆದರೆ ಕೈ ಮೂರು ಪಟ್ಟು ಇಳಿಯಬೇಕು. ನಾಲಿಗೆ 2 ಮಿ.ಮೀ. ಬಗ್ಗಲು ಕೈ ಬೀಳುವ ಜಾಗ 6 ಮಿ.ಮೀ. ಇಳಿಯುತ್ತದೆ. ಸೋತ ಕೈಗೆ ಇದು ಸರಿ. ಬಿಗಿಯಾಗಿದ್ದು ಚಲನೆ ಕಡಿಮೆ ಇರುವ ಕೈಗೆ ಸ್ವಿಚ್ಚನ್ನು ತುದಿಯ ಕಡೆಗೆ ಸರಿಸಿ: ಬಲ ಹೆಚ್ಚು ಬೇಕು, ಇಳಿತ ಕಡಿಮೆ. ಅಂಗಡಿಯ ಯಾವ ಬಟನ್‌ನಲ್ಲೂ ಈ ಹೊಂದಾಣಿಕೆ ಸಿಗದು.

ತುದಿಯ ಎರಡು ಮೂಲೆಯಲ್ಲಿ ಬಾಗಿಲ ಸಂದಿಗೆ ಅಂಟಿಸುವ ಫೋಮ್ ಪಟ್ಟಿಯ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ. ಹಲಗೆಯನ್ನು ಮೇಲಕ್ಕೆ ತರುವುದು ಅದೇ. ಅದರ ಪಕ್ಕದಲ್ಲಿ ತಡೆಗಟ್ಟೆ ಹಾಕುವುದನ್ನು ಮಾತ್ರ ಮರೆಯಬೇಡಿ. ಎಷ್ಟೋ ಜನ ಬಿಡುವುದು ಇದನ್ನೇ. ಸೆಳೆತವಿರುವ ಮುಷ್ಟಿ ಬಿದ್ದರೆ ಮೆಲ್ಲಗೆ ಬೀಳುವುದಿಲ್ಲ. ತಡೆ ಇಲ್ಲದಿದ್ದರೆ ಎಲ್ಲ ಪೆಟ್ಟೂ ಸ್ವಿಚ್‌ನ ತೆಳು ನಾಲಿಗೆಗೆ, ವಾರದೊಳಗೆ ಅದು ಸೊಟ್ಟ. ಹಲಗೆಯನ್ನು ನಿಧಾನಕ್ಕೆ ಅದುಮಿ, ಕ್ಲಿಕ್ ಆದ ಕ್ಷಣ ನಿಲ್ಲಿಸಿ, ತುದಿಯಲ್ಲಿ ಎರಡು ಹಲಗೆಗಳ ನಡುವಿನ ಸಂದು ಅಳೆಯಿರಿ. ಅದಕ್ಕಿಂತ 1.5 ಮಿ.ಮೀ. ಕಡಿಮೆ ಎತ್ತರದ ಮರದ ತುಂಡು ಅಂಟಿಸಿ. ಇನ್ನೂ ತಗ್ಗಿಸಿದರೆ ನಾಲಿಗೆಗೆ ಪೆಟ್ಟು, ಎತ್ತರಿಸಿದರೆ ಮಳೆಗಾಲದಲ್ಲಿ ಪ್ಲೈ ಉಬ್ಬಿದಾಗ ಕ್ಲಿಕ್ಕೇ ಆಗುವುದಿಲ್ಲ.

ಕರಟಕ್ಕೆ ಬಂದರೆ, ಮೂರು ಕಣ್ಣಿರುವ ಹೋಳು ಬೇಡ, ಕಣ್ಣಿನ ಹತ್ತಿರ ಬಿರುಕು ಬೇಗ ಬರುತ್ತದೆ. ಇನ್ನೊಂದು ಹೋಳು ತೆಗೆದುಕೊಳ್ಳಿ. ಕಲ್ಪತರು ನಾಡಿನಲ್ಲಿ ಇದಕ್ಕೆ ಬೆಲೆ ಕಟ್ಟುವಂತಿಲ್ಲ, ಚಟ್ನಿ ಅರೆದ ದಿನ ಸಿಕ್ಕೇ ಸಿಗುತ್ತದೆ. ಒಳಗೆ ಕಾಯಿಯ ಚೂರು ಉಳಿಯದಂತೆ ಕೆರೆದು ಎರಡು ದಿನ ಒಣಗಿಸಿ, ಇಲ್ಲದಿದ್ದರೆ ಎಣ್ಣೆಯಂಶಕ್ಕೆ ಅಂಟು ಹಿಡಿಯದು, ಇರುವೆಯೂ ಬರುತ್ತದೆ. ನಾರು ಹೋಗುವವರೆಗೆ 80 ನಂಬರ್ ಸ್ಯಾಂಡ್ ಪೇಪರ್, ಆಮೇಲೆ 220. ಬಾಯಿಯ ಅಂಚು ಸಮವಾಗಲು ಸ್ಯಾಂಡ್ ಪೇಪರನ್ನು ಮೇಜಿಗೆ ಅಂಟಿಸಿ ಕರಟವನ್ನು ಅದರ ಮೇಲೆ ಗುಂಡಗೆ ಉಜ್ಜಬೇಕು. ಇದು ಪೂರ್ತಿಯಾಗಿ ಮಗುವೇ ಮಾಡಬಲ್ಲ ಕೆಲಸ: ಕರಟ ಮುಷ್ಟಿಯೊಳಗೆ ತಾನಾಗಿ ಕೂರುತ್ತದೆ, ಜಾರಿದರೂ ಗಾಯವಿಲ್ಲ, ಎಷ್ಟು ಉಜ್ಜಿದರೂ ಕೆಡುವುದಿಲ್ಲ. ಧೂಳು ಮಾತ್ರ ಮೂಗಿಗೆ. ಒದ್ದೆ ಬಟ್ಟೆ ಪಕ್ಕದಲ್ಲಿರಲಿ, ಇಬ್ಬರಿಗೂ ಮಾಸ್ಕ್. ಅಂಟಿಸಲು ಎರಡು ಟ್ಯೂಬ್ ಬೆರೆಸುವ ಅರಲ್ಡೈಟ್ ಸರಿ, ರಾತ್ರಿಯಿಡೀ ಬಿಡಿ. ಫೆವಿಕ್ವಿಕ್ ಬೇಡ, ಹೊಡೆತಕ್ಕೆ ಚಟ್ಟನೆ ಬಿಟ್ಟುಕೊಳ್ಳುತ್ತದೆ.

ಒತ್ತಿದಾಗ ಇಡೀ ಪೆಟ್ಟಿಗೆ ಜಾರಿ ಹೋಗುವುದು ಇನ್ನೊಂದು ತಲೆನೋವು. ತಳಕ್ಕೆ ಅಡುಗೆಮನೆ ಕಟ್ಟೆಯಲ್ಲಿ ಮಿಕ್ಕ ಕಡಪ ಕಲ್ಲಿನ ತುಂಡು ಅಂಟಿಸಿದರೆ ಒಂದೂವರೆ ಕೆ.ಜಿ. ತೂಕ ಬಂದು ಕದಲುವುದಿಲ್ಲ. ಮೇಜಿನ ಮೇಲೆ ಮಾತ್ರ. ಗಾಲಿಕುರ್ಚಿಯ ತಟ್ಟೆಯ ಮೇಲೆ ಕಲ್ಲು ಬೇಡವೇ ಬೇಡ, ಜಾರಿದರೆ ಮಗುವಿನ ಕಾಲಿಗೇ ಬೀಳುತ್ತದೆ. ಅಲ್ಲಿಗೆ ವೆಲ್ಕ್ರೊ ಪಟ್ಟಿ.

ಸೆಲ್ ನಡುವಿನ ಬಿಲ್ಲೆ

ಆಟಿಕೆಯನ್ನು ಬಿಚ್ಚದೆ ಸ್ವಿಚ್ ಹೊರತರುವ ಜಾಣತನ ಈ ಬಿಲ್ಲೆಯಲ್ಲಿದೆ. ನಡುವೆ ಕರೆಂಟು ಹರಿಯದ ಪದರ, ಎರಡೂ ಮುಖಕ್ಕೆ ತಾಮ್ರ, ಪ್ರತಿ ಮುಖದಿಂದ ಒಂದೊಂದು ವೈರು. ಸೆಲ್ಲಿಗೂ ಅದರ ತಗಡಿಗೂ ನಡುವೆ ತುರುಕಿದರೆ ಸರ್ಕ್ಯೂಟ್ ಅಲ್ಲಿ ತುಂಡಾಗುತ್ತದೆ. ಹೊರಗಿನ ಸ್ವಿಚ್ ಒತ್ತಿದಾಗ ಕೂಡುತ್ತದೆ. ಆಟಿಕೆಯ ಸ್ವಂತ ಸ್ವಿಚ್ಚು ಯಾವಾಗಲೂ ಆನ್‌ನಲ್ಲೇ ಇರಬೇಕು. ಕೆಲಸ ಮಾಡುತ್ತಿಲ್ಲ ಎಂಬ ದೂರುಗಳಲ್ಲಿ ಹೆಚ್ಚಿನವು ಇದನ್ನು ಮರೆತದ್ದರಿಂದಲೇ.

ತಯಾರಿ ಬಿಲ್ಲೆಗಳು ಮಾರಾಟಕ್ಕಿವೆ, ಕೊಳ್ಳುವ ಅಗತ್ಯ ಕಾಣೆ. ಎಂಜಿನಿಯರಿಂಗ್ ಕಾಲೇಜುಗಳಿರುವ ತುಮಕೂರಿನಲ್ಲಿ ಹುಡುಗರ ಪ್ರಾಜೆಕ್ಟಿಗೆಂದು ಎರಡೂ ಕಡೆ ತಾಮ್ರವಿರುವ ಬೋರ್ಡನ್ನು ಎಲೆಕ್ಟ್ರಾನಿಕ್ಸ್ ಅಂಗಡಿಯವರು ಇಟ್ಟಿರುತ್ತಾರೆ. ಆದರೆ ಮಾಮೂಲಿ ಬೋರ್ಡು 1.6 ಮಿ.ಮೀ. ದಪ್ಪ, ಬಿಗಿಯಾದ ಸೆಲ್ ಗೂಡಿನಲ್ಲಿ ತುರುಕಿದರೆ ಮುಚ್ಚಳ ಕೂರುವುದಿಲ್ಲ, ಕೂರಿಸಿದರೂ ಸ್ಪ್ರಿಂಗ್ ಸೊರಗುತ್ತದೆ. 0.8 ಮಿ.ಮೀ. ಇದೆಯೇ ಕೇಳಿ. ಇಲ್ಲವೆಂದರೆ ಅವಧಿ ಮುಗಿದ ಎಟಿಎಂ ಕಾರ್ಡ್: ಅದರ ದಪ್ಪ 0.76 ಮಿ.ಮೀ., ಹೇಳಿ ಮಾಡಿಸಿದ ಹಾಗೆ. ಎರಡು ಮುಖಕ್ಕೂ ತಾಮ್ರದ ಟೇಪ್ ಅಂಟಿಸಿ.

ಆಕಾರ ದುಂಡಗೆ ಬಿಲ್ಲೆಯಂತಲ್ಲ, ಚಮಚದಂತಿರಲಿ, ದುಂಡು ತಲೆ, ಸಣ್ಣ ಬಾಲ. ಎಎ ಸೆಲ್ಲಿನ ಅಡ್ಡಳತೆ 14.5 ಮಿ.ಮೀ., ಆದ್ದರಿಂದ ತಲೆ 12 ಮಿ.ಮೀ.; ಎಎಎ ಸೆಲ್ 10.5 ಮಿ.ಮೀ., ತಲೆ 8 ಸಾಕು. ವೈರನ್ನು ಬಾಲಕ್ಕೆ ಬೆಸೆಯಬೇಕು, ತಲೆಗೆ ಬೆಸೆದರೆ ಸೀಸದ ಉಬ್ಬು ಸೆಲ್ಲನ್ನು ಎತ್ತಿಬಿಡುತ್ತದೆ. ಕಾರ್ಡ್ ಬಳಸುವವರು ಮೊದಲು ಟೇಪಿಗೆ ವೈರು ಬೆಸೆದು, ತಣ್ಣಗಾದ ಮೇಲೆ ಕಾರ್ಡಿಗೆ ಅಂಟಿಸಿ. ಅಂಟಿಸಿ ಬೆಸೆದರೆ ಕಾರ್ಡ್ ಕರಗಿ ಎರಡು ಮುಖದ ತಾಮ್ರ ಒಂದಕ್ಕೊಂದು ತಾಗುತ್ತದೆ. ಟೇಪಿನ ಅಂಚು ಕಾರ್ಡಿನ ಅಂಚಿನಿಂದ ಒಂದು ಮಿ.ಮೀ. ಒಳಗಿರಲಿ.

ಕೈಕೊಡುವ ಜಾಗ ಎರಡಿವೆ. ಬಿಲ್ಲೆಯನ್ನು ಸ್ಪ್ರಿಂಗ್ ಕಡೆ ಇಟ್ಟಾಗ ಅದು ವಾಲಿ, ಸ್ಪ್ರಿಂಗಿನ ಒಂದು ಸುತ್ತು ಪಕ್ಕದಿಂದ ಬಂದು ಎರಡೂ ಮುಖ ಮುಟ್ಟಿದರೆ, ಬಟನ್ ಒತ್ತದಿದ್ದರೂ ಆಟಿಕೆ ಓಡುತ್ತಲೇ ಇರುತ್ತದೆ. ಅಪಾಯವೇನಿಲ್ಲ, ಬಿಲ್ಲೆ ಇದ್ದೂ ಇಲ್ಲದ ಹಾಗೆ ಅಷ್ಟೆ. ಪ್ಲಸ್ ಕಡೆಗೋ ಎರಡು ಸೆಲ್‌ಗಳ ನಡುವೆಯೋ ಇಟ್ಟರೆ ಈ ತೊಂದರೆ ಕಡಿಮೆ. ಆದರೆ ಪ್ಲಸ್ ಕಡೆ ಇನ್ನೊಂದು ಗಂಟಿದೆ: ಸೆಲ್ ತಿರುಗಿಸಿ ಹಾಕದಂತೆ ತಗಡಿನ ಎರಡು ಪಕ್ಕ ಪ್ಲಾಸ್ಟಿಕ್ ದಿಂಡುಗಳಿರುತ್ತವೆ, ಅಗಲ ಬಿಲ್ಲೆ ದಿಂಡಿನ ಮೇಲೆಯೇ ಕೂತು ತಗಡನ್ನು ಮುಟ್ಟುವುದೇ ಇಲ್ಲ. ಆಗ ತಲೆಯ ಎರಡು ಪಕ್ಕ ಸವರಿ ದಿಂಡಿನ ನಡುವೆ ಹೋಗುವಷ್ಟು ಕಿರಿದು ಮಾಡಬೇಕು.

ವೈರು ಹೊರಬರಲು ಮುಚ್ಚಳದ ಅಂಚಿನಲ್ಲಿ ಅರದಿಂದ ಸಣ್ಣ ಕಚ್ಚು ಮಾಡಿ. ಕಚ್ಚಿಲ್ಲದೆ ಮುಚ್ಚಳ ಒತ್ತಿ ಹಾಕಿದರೆ ವೈರಿನ ಮೇಲ್ಪದರ ಕತ್ತರಿಸಿಹೋಗುತ್ತದೆ. ವೈರು ತೆಳು ಸ್ಪೀಕರ್ ವೈರ್ ಸಾಕು, ಎರಡು ಮೀಟರ್. ಹಳೆಯ ಇಯರ್‌ಫೋನ್ ವೈರು ಉಳಿತಾಯ ಎನಿಸಿದರೂ ಬೇಡ: ಅದರ ಎಳೆಗಳಿಗೆ ವಾರ್ನಿಶ್ ಲೇಪವಿದೆ, ನಡುವೆ ನೈಲಾನ್ ದಾರ ಬೇರೆ. ಸೀಸ ಹಿಡಿದಂತೆ ಕಂಡು ಮಾರನೇ ದಿನ ಬಿಟ್ಟಿರುತ್ತದೆ.

ಜ್ಯಾಕು, ಮೀಟರು

ಬಿಲ್ಲೆಯ ವೈರಿನ ತುದಿಗೆ 3.5 ಮಿ.ಮೀ. ಮೋನೊ ಹೆಣ್ಣು ಜ್ಯಾಕ್, ಸ್ವಿಚ್ ಕಡೆಗೆ ಅದೇ ಅಳತೆಯ ಗಂಡು ಪ್ಲಗ್. ನೇರ ಬೆಸೆದರೆ ಇಪ್ಪತ್ತು ರೂಪಾಯಿ ಉಳಿಯುತ್ತದೆ, ನಿಜ. ಆದರೆ ಜಗತ್ತಿನೆಲ್ಲೆಡೆ ಈ ಬಗೆಯ ಸ್ವಿಚ್‌ಗಳಿಗೆ ಇದೇ ಅಳತೆ. ನಾಳೆ ಥೆರಪಿ ಕೇಂದ್ರದ ಸ್ವಿಚ್ ಮನೆಯ ಆಟಿಕೆಗೆ ಹೊಂದಬೇಕಾದರೆ ಜ್ಯಾಕ್ ಬೇಕೇಬೇಕು. ಮೂರು ಕಾಲಿನ ಜ್ಯಾಕ್ ಕೊಟ್ಟರೆ ಹುಷಾರು. ಒಂದು ಕಾಲು ಪ್ಲಗ್ಗಿನ ತುದಿಗೆ, ಇನ್ನೊಂದು ಪ್ಲಗ್ಗಿನ ಮೈಗೆ; ಮೂರನೇ ಕಾಲು ಪ್ಲಗ್ ಹಾಕದಿದ್ದಾಗ ತುದಿಯ ಕಾಲಿಗೆ ತಾಗಿಕೊಂಡಿದ್ದು, ಹಾಕಿದಾಗ ಬಿಡುವಂಥದ್ದು. ತುದಿಯ ಕಾಲಿಗೂ ಅದಕ್ಕೂ ವೈರು ಹಾಕಿದರೆ, ಪ್ಲಗ್ ಕಿತ್ತಾಗ ಕರಡಿ ಕುಣಿಯುತ್ತದೆ, ಪ್ಲಗ್ ಹಾಕಿದರೆ ನಿಲ್ಲುತ್ತದೆ! ಮೈಗೂ ಅದಕ್ಕೂ ಹಾಕಿದರೆ ಏನೂ ಆಗುವುದಿಲ್ಲ. ಬೇಕಾದ್ದು ತುದಿ ಮತ್ತು ಮೈ.

ಮೈಕ್ರೊಸ್ವಿಚ್‌ಗೂ ಮೂರು ಕಾಲು: ಕಾಮನ್, ಎನ್‌ಓ (ಒತ್ತಿದಾಗ ಕಾಮನ್‌ಗೆ ಕೂಡುವುದು), ಎನ್‌ಸಿ (ಒತ್ತಿದಾಗ ಬಿಡುವುದು). ಕಾಮನ್ ಮತ್ತು ಎನ್‌ಓ ಬಳಸಿ. ತಪ್ಪಿ ಎನ್‌ಸಿಗೆ ಹಾಕಿದರೆ ಆಟಿಕೆ ಸದಾ ಓಡುತ್ತ, ಒತ್ತಿದಾಗ ನಿಲ್ಲುತ್ತದೆ. ಇದು ತಪ್ಪೇನೋ ಹೌದು, ಆದರೆ ಓಡುವುದನ್ನು ತಡೆದು ನಿಲ್ಲಿಸುವುದರಲ್ಲೇ ಖುಷಿ ಕಾಣುವ ಮಕ್ಕಳೂ ಇದ್ದಾರೆ, ತಿದ್ದುವ ಮೊದಲು ಒಂದು ಸಲ ಒತ್ತಿಸಿ ನೋಡಿ.

ಮಲ್ಟಿಮೀಟರ್ ಕೊಳ್ಳುವಾಗ ಹಳದಿ ಬಣ್ಣದ ಡಿಟಿ-830 ಬಗೆಯದ್ದೇ ಸಾಕು, ಇನ್ನೂರು ಮುನ್ನೂರರಲ್ಲಿ ಬರುತ್ತದೆ. ಆದರೆ ಕೊನೆಯ ಅಕ್ಷರ ನೋಡಿ: 830ಡಿ ಆದರೆ ಬೀಪ್ ಶಬ್ದ ಉಂಟು, 830ಬಿ ಆದರೆ ಇಲ್ಲ. ಎರಡೂ ನೋಡಲು ಒಂದೇ. ಇಲ್ಲಿ ಆ ಬೀಪ್‌ಗಾಗಿಯೇ ದುಡ್ಡು ಕೊಡುವುದು, ಏಕೆಂದರೆ ತಪಾಸಣೆ ಮಗುವಿನ ಇಲಾಖೆ. ಮೀಟರಿನ ಎರಡು ಕಡ್ಡಿಗಳಿಗೆ ಮೊಸಳೆ ಕ್ಲಿಪ್ ಹಾಕಿ, ಸ್ವಿಚ್ ಕಡೆಯ ಪ್ಲಗ್ಗಿನ ತುದಿಗೊಂದು, ಮೈಗೊಂದು ಕಚ್ಚಿಸಿ. ಕರಟ ಒತ್ತಿದಾಗ ಬೀಪ್ ಬಂದು, ಬಿಟ್ಟಾಗ ನಿಂತರೆ ಪಾಸ್. ಹತ್ತು ಸಲ ಒತ್ತಿಸಿ, ಹತ್ತೂ ಸಲ ಬಂದರೆ ಮಾತ್ರ ಪಾಸ್ ಎಂದು ಮಗುವೇ ಹೇಳಲಿ. ಮಾತು ಬಾರದಿದ್ದರೆ ಸರಿ-ತಪ್ಪು ಚೀಟಿ ತೋರಿಸಲಿ. ಎಂಟು ಬಂದು ಎರಡು ತಪ್ಪಿದರೆ ಬೆಸುಗೆ ಸಡಿಲ ಅಥವಾ ತಡೆಗಟ್ಟೆ ಎತ್ತರ, ಅಪ್ಪನೋ ಅಮ್ಮನೋ ಬಿಚ್ಚಿ ಮತ್ತೆ ಮಾಡಬೇಕು. ದೊಡ್ಡವರ ಕೆಲಸವನ್ನು ಫೇಲ್ ಮಾಡುವ ಅಧಿಕಾರ ಮಕ್ಕಳಿಗೆ ಬಹಳ ರುಚಿಸುತ್ತದೆ.

ಆಟಿಕೆಗಳಲ್ಲಿ ಯಾವುದು

ಡ್ರಮ್ ಬಡಿಯುವ ಕರಡಿ, ಮೊಲದಂಥವು ಎಲ್ಲಕ್ಕಿಂತ ಮೇಲು. ಎರಡು ಎಎ ಸೆಲ್, ಅಡಿಯಲ್ಲಿ ಜಾರುವ ಸ್ವಿಚ್, ಇದ್ದಲ್ಲೇ ಕುಣಿಯುತ್ತದೆ. ಶಿವರಾತ್ರಿ ಹೊತ್ತಿನ ಸಿದ್ಧಗಂಗಾ ಜಾತ್ರೆಯಂಥ ಕಡೆ ಆಟಿಕೆ ಸಾಲಿನಲ್ಲಿ ಹುಡುಕಿ. ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿಸಿಕೊಳ್ಳಿ: ಆನ್ ಮಾಡಿ ಓಡುತ್ತಿರುವಾಗ ಒಂದು ಸೆಲ್ ಕಿತ್ತು ಮತ್ತೆ ಹಾಕಿ. ತಾನಾಗಿ ಮತ್ತೆ ಓಡಿದರೆ ಬಿಲ್ಲೆಗೆ ಒಗ್ಗುತ್ತದೆ. ಸುಮ್ಮನೆ ಕೂತು, ಮತ್ತೆ ಹೊಟ್ಟೆ ಒತ್ತಲು ಕಾದರೆ ಒಗ್ಗುವುದಿಲ್ಲ. ಹೊಟ್ಟೆ ಒತ್ತಿದರೆ ಹಾಡುವ, ಮಾತಾಡುವ ಗೊಂಬೆಗಳೆಲ್ಲ ಈ ಎರಡನೇ ಜಾತಿ. ಒಳಗೆ ಚಿಪ್ ಇದ್ದು, ಕರೆಂಟು ಹೋದೊಡನೆ ಎಲ್ಲ ಮರೆಯುತ್ತದೆ. ಅವಕ್ಕೆ ಹೊಲಿಗೆ ಬಿಚ್ಚಿ, ಒಳಗಿನ ಬಟನ್‌ನ ಎರಡು ಕಾಲಿಗೆ ಸಮಾನಾಂತರವಾಗಿ ವೈರು ಬೆಸೆಯಬೇಕು. ಮೊದಲ ಪ್ರಯತ್ನಕ್ಕೆ ಬೇಡ.

ಗೋಡೆಗೆ ಗುದ್ದಿ ತಿರುಗುವ ಕಾರು, ರೈಲು ಕೆಲಸವೇನೋ ಮಾಡುತ್ತವೆ, ಆದರೆ ವೈರು ಕಟ್ಟಿದ ಆಡಿನಂತೆ ಎರಡು ಮೀಟರ್ ಹೋಗಿ ಎಳೆದಾಡುತ್ತವೆ. ಸೋಪಿನ ಗುಳ್ಳೆ ಬಿಡುವ ಗನ್ನಿನಲ್ಲಿ ಕುದುರೆಯೇ ಸ್ವಿಚ್. ಕೇಬಲ್ ಟೈ ಹಾಕಿ ಕುದುರೆಯನ್ನು ಒತ್ತಿ ಕಟ್ಟಬೇಕು. ಕುದುರೆ ಎಳೆದಾಗಲೇ ಬಳೆ ಎತ್ತುವ ಮಾದರಿಯಾದರೆ ಕಟ್ಟಿದ ಮೇಲೆ ಗುಳ್ಳೆ ಬರುವುದಿಲ್ಲ, ಫ್ಯಾನಿನ ಗಾಳಿ ಮಾತ್ರ. ಸೋಪಿನ ನೀರು ಸೆಲ್ ಗೂಡಿಗೆ ಇಳಿಯುವುದಂತೂ ಖಾತ್ರಿ. ಗಣೇಶನ ಹಬ್ಬಕ್ಕೆ ತರುವ ಸೆಲ್‌ನ ಸೀರಿಯಲ್ ಲೈಟು, ಕೈಯಲ್ಲಿ ಹಿಡಿಯುವ ಪುಟ್ಟ ಫ್ಯಾನು ಅಗ್ಗಕ್ಕೆ ಒಳ್ಳೆಯ ಆಯ್ಕೆ, ಸೆಲ್ ಹಾಕುವಂಥದ್ದಾದರೆ.

ಮುಟ್ಟಲೇಬಾರದವು ಮೂರು: ಚಾರ್ಜಿಂಗ್ ಲಿಥಿಯಂ ಬ್ಯಾಟರಿಯವು, ಗುಂಡಿ ಸೆಲ್ಲಿನವು, ಗೋಡೆಯ ಪ್ಲಗ್ಗಿಗೆ ಹಾಕುವ ಯಾವುದೇ ವಸ್ತು. ಗುಂಡಿ ಸೆಲ್ ನುಂಗಿದರೆ ಅನ್ನನಾಳ ಸುಡುತ್ತದೆ, ಅದಕ್ಕೆ ಮನೆಯಲ್ಲಿ ಜಾಗವೇ ಬೇಡ. ಫಿಟ್ಸ್ ಇರುವ ಮಗುವಿಗೆ ಪಟಪಟ ಮಿನುಗುವ ದೀಪದ ಆಟಿಕೆ ತರುವ ಮೊದಲು ಡಾಕ್ಟರನ್ನು ಕೇಳಿ. ಸದ್ದಿಗೆ ಬೆಚ್ಚಿ ಮೈ ಸೆಟೆದುಕೊಳ್ಳುವ ಮಕ್ಕಳಿಗೆ ಸ್ಪೀಕರ್ ತೂತಿನ ಮೇಲೆ ಎರಡು ಮೂರು ಪದರ ಟೇಪ್ ಅಂಟಿಸಿದರೆ ಅಬ್ಬರ ತಗ್ಗುತ್ತದೆ.

ಬೆಸುಗೆ ಯಾರು ಮಾಡಬೇಕು

ಇರುವುದು ಒಟ್ಟು ಎಂಟು ಬೆಸುಗೆ: ಬಿಲ್ಲೆಗೆ ಎರಡು, ಜ್ಯಾಕಿಗೆ ಎರಡು, ಪ್ಲಗ್ಗಿಗೆ ಎರಡು, ಸ್ವಿಚ್ಚಿಗೆ ಎರಡು. ಸೋಲ್ಡ್ರಾನ್ 25 ವ್ಯಾಟಿನ ಐರನ್ ಇದಕ್ಕೆ ಧಾರಾಳ. ಬೆಸುಗೆಯ 60/40 ತಂತಿಯಲ್ಲಿ (60 ಪಾಲು ತವರ, 40 ಪಾಲು ಸೀಸ) ನಿಜವಾದ ಸೀಸವಿದೆ. ಕೈ ಬಾಯಿಗೆ ಹಾಕಿಕೊಳ್ಳುವ, ಜೊಲ್ಲು ಸುರಿಯುವ ಮಗು ಅದೇ ಮೇಜಿನಲ್ಲಿದ್ದರೆ ಬೆಸುಗೆ ಬೇರೆ ಕೋಣೆಯಲ್ಲಿ, ಕಿಟಕಿ ತೆರೆದು. ಮುಗಿದ ಮೇಲೆ ಕೈ ತೊಳೆದು ಮೇಜು ಒರೆಸಿ. ಅಷ್ಟೆಲ್ಲ ಬೇಡವೆನ್ನುವವರಿಗೆ ಸ್ಕ್ರೂ ಬಿಗಿಯುವ 3.5 ಮಿ.ಮೀ. ಜ್ಯಾಕ್, ಪ್ಲಗ್ ಆನ್‌ಲೈನಿನಲ್ಲಿವೆ, ಮೈಕ್ರೊಸ್ವಿಚ್ ಕಾಲಿಗೆ ತಳ್ಳುವ ತಗಡಿನ ಲಗ್ ಬೈಕ್ ವೈರಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಆಗ ಬಿಲ್ಲೆಯ ಎರಡು ಬೆಸುಗೆ ಮಾತ್ರ ಉಳಿಯಿತು, ಟಿ.ವಿ. ರಿಪೇರಿಯವರ ಹತ್ತಿರ ಐದು ನಿಮಿಷದ ಕೆಲಸ. ಬಾಲಕ್ಕೆ ಬೆಸೆಯಿರಿ, ತಲೆಗೆ ಬೇಡ ಎಂದು ಮುಂಚೆಯೇ ಹೇಳಿ, ಇಲ್ಲದಿದ್ದರೆ ಅಭ್ಯಾಸಬಲದಿಂದ ನಡುಮಧ್ಯಕ್ಕೇ ಒಂದು ಗುಡ್ಡೆ ಇಟ್ಟುಕೊಡುತ್ತಾರೆ.

ಉಳಿದ ಕೆಲಸದಲ್ಲಿ ಮಗುವಿನ ಪಾಲು ದೊಡ್ಡದಿದೆ. ಸ್ಕ್ರೂ ತಿರುಗಿಸಲು ಸಣ್ಣ ಸ್ಕ್ರೂಡ್ರೈವರಿನ ಹಿಡಿಗೆ ಸೈಕಲ್ ಹ್ಯಾಂಡಲ್ ಗ್ರಿಪ್ ತೊಡಿಸಿದರೆ ಮುಷ್ಟಿಗೆ ಸಿಗುತ್ತದೆ. ಹಲಗೆ ಅಲುಗದಂತೆ ಜಿ ಕ್ಲಾಂಪ್, ಅಡಿಗೆ ರಬ್ಬರ್ ಜಾಳಿಗೆ. ಮಗುವಿನ ಕೈ ಮೇಲೆ ಕೈ ಇಟ್ಟು ದಬ್ಬಿ ಮಾಡಿಸಬೇಡಿ. ನಿಮ್ಮ ಕೈ ಕೆಳಗಿರಲಿ, ಮಗುವಿನದು ಮೇಲೆ, ಬೇಡವೆನಿಸಿದಾಗ ಎತ್ತಿಕೊಳ್ಳಲು ಬರುವ ಹಾಗೆ. ಸಮಗ್ರ ಶಿಕ್ಷಣದಡಿ ಗೃಹಾಧಾರಿತ ಶಿಕ್ಷಣಕ್ಕೆ ಮನೆಗೆ ಬರುವ ಶಿಕ್ಷಕರೋ ಫಿಸಿಯೊಥೆರಪಿಸ್ಟರೋ ಇದ್ದರೆ ಹಲಗೆ ಎಲ್ಲಿಡಬೇಕು ಎಂಬುದೊಂದನ್ನು ಅವರಲ್ಲಿ ಕೇಳಿ. ಬಲಗೈ ಎಂದು ನಾವು ಹಟ ಹಿಡಿದಿರುತ್ತೇವೆ, ಮಗುವಿನ ನೆಚ್ಚಿನ ಚಲನೆ ಎಡ ಮೊಣಕಾಲಿನದ್ದಾಗಿರುತ್ತದೆ.

ಖರ್ಚಿನ ಲೆಕ್ಕ: ಆಟಿಕೆ, ಮೀಟರ್, ಐರನ್ ಬಿಟ್ಟರೆ ಕರಟದ ಹಲಗೆ ಮತ್ತು ಬಿಲ್ಲೆ ಸೇರಿ 200ರಿಂದ 300 ರೂಪಾಯಿಯೊಳಗೆ ಮುಗಿಯುತ್ತದೆ. 100 ಮಿ.ಮೀ. ಬಟನ್ ಒಂದಕ್ಕೇ ಅಷ್ಟು. ಕೈ ಗಟ್ಟಿಯಾಗಿದ್ದು, ನಡುವಿಗೇ ಬಡಿಯುವ, ಬಣ್ಣ ಕಂಡರೆ ಹಿಗ್ಗುವ ಮಗುವಿಗೆ ಬಟನ್ ತನ್ನಿ, ಉಳಿದವರಿಗೆ ಹಲಗೆ.

ಮನೆಯಲ್ಲಿ ತಮ್ಮ ತಂಗಿಯರಿದ್ದರೆ ಕರಡಿಗಾಗಿ ಜಗಳ ಖಂಡಿತ. ಇನ್ನೊಂದು ಗಂಡು ಪ್ಲಗ್ ತಂದು ಅದರ ಎರಡು ಕಾಲನ್ನು ಒಳಗೇ ಸೇರಿಸಿ ಬೆಸೆದಿಟ್ಟುಕೊಳ್ಳಿ. ಅದನ್ನು ಜ್ಯಾಕಿಗೆ ಚುಚ್ಚಿದರೆ ಆಟಿಕೆ ಮೊದಲಿನಂತೆ ತನ್ನ ಸ್ವಂತ ಸ್ವಿಚ್ಚಿನಲ್ಲಿ ನಡೆಯುತ್ತದೆ, ಬಿಲ್ಲೆ ಕೀಳುವ ರಗಳೆಯಿಲ್ಲ. ಅಗ್ಗದ ಸೆಲ್‌ಗಳನ್ನು ತಿಂಗಳುಗಟ್ಟಲೆ ಒಳಗೇ ಬಿಟ್ಟರೆ ಸೋರಿ ಬಿಲ್ಲೆಯ ತಾಮ್ರ ಹಸಿರುಗಟ್ಟುತ್ತದೆ. ಸೋರದಿದ್ದರೂ ತಾಮ್ರ ಕಪ್ಪಾಗಿ, ಕರಡಿ ಸುಸ್ತಾದಂತೆ ನಿಧಾನ ಬಡಿಯತೊಡಗಿದರೆ ಹೊಸ ಸೆಲ್ ತರುವ ಮುಂಚೆ ಬಿಲ್ಲೆಯನ್ನು ಹೊರತೆಗೆದು ಎರಡೂ ಮುಖವನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿಸಿ. ಮೇಜಿಗೆ ಟೇಪ್ ಹಾಕಿ ಅಂಟಿಸಿಕೊಟ್ಟರೆ ಅದನ್ನೂ ಮಗುವೇ ಉಜ್ಜುತ್ತದೆ, ತಾಮ್ರ ಮತ್ತೆ ಕೆಂಪಗೆ ಹೊಳೆಯುವವರೆಗೆ.